ಅನುಭವಿ ಎಂಜಿನಿಯರಿಗೆ ಯಾವ ಪರೀಕ್ಷೆ?

ತರಮಣಿಯಲ್ಲಿ ಟೈಡಲ್ ಪಾರ್ಕ್ 2000ರಲ್ಲಿ ಆರಂಭವಾದ ಕಾಲಕ್ಕೆ ಸಾಫ್ಟ್‌ವೇರ್ ಉದ್ಯೋಗ ಹಿಡಿದ ವಡಪಳನಿಯ ನಮ್ಮ ತರುಣರು ಈಗ ನಡುವಯಸ್ಕರು. ಕೆಲಸ ಬದಲಿಸಹೊರಟರೆ ಅವರಿಗೆ ಎದುರಾಗುವುದು ಅಲ್ಗಾರಿದಮ್ ಪರೀಕ್ಷೆ. ಸಮಸ್ಯೆಯೊಂದನ್ನು ಹಂತಹಂತವಾಗಿ ಬಿಡಿಸುವ ಕ್ರಮವೇ ಅಲ್ಗಾರಿದಮ್. ಸಂದರ್ಶಕರ ಕಣ್ಣೆದುರಿನಲ್ಲೇ, ನಿಗದಿತ ಅವಧಿಯಲ್ಲಿ, ಅದನ್ನು ಬರೆದು ತೋರಿಸಬೇಕು.

ಸಮರ್ಥಕರ ವಾದವೂ ಹುರುಳಿಲ್ಲದ್ದಲ್ಲ. ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಯಾದರೆ ಕಾಲೇಜಿನ ಹೆಸರಿಗೂ ಶಿಫಾರಸಿಗೂ ಎಡೆ ಕಡಿಮೆ. ಆದರೆ ಅನುಭವಿಗಳ ನಿತ್ಯದ ಕೆಲಸವೇ ಬೇರೆ: ಹಳೆಯ ಪ್ರೋಗ್ರಾಮಿನ ದೋಷ ಹುಡುಕುವುದು, ಕಿರಿಯರ ಬರಹವನ್ನು ತಿದ್ದುವುದು. ಕಾಲೇಜಿನ ಪಾಠವನ್ನು ಮತ್ತೆ ಅಭ್ಯಾಸ ಮಾಡಲು ಬಿಡುವು ಬೇಕು. ಸಂಸಾರಸ್ಥರಿಗೆ ಅದು ದುರ್ಲಭ.

2020ರಲ್ಲಿ ಅಮೆರಿಕದ ನಾರ್ತ್ ಕರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಹಾಗೂ ಮೈಕ್ರೋಸಾಫ್ಟ್ ಸಂಶೋಧಕರು 48 ವಿದ್ಯಾರ್ಥಿಗಳನ್ನು ಹೀಗೆ ಪರೀಕ್ಷಿಸಿದರು. ಸಂದರ್ಶಕರು ನೋಡುತ್ತಿದ್ದಾಗ ಬರೆದವರ ಸಾಧನೆಯು ಏಕಾಂತದಲ್ಲಿ ಬರೆದವರ ಸಾಧನೆಯ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಜಾಣ್ಮೆಯ ಜೊತೆಗೆ ಅಳುಕನ್ನೂ ಅಳೆದಂತಾಯಿತು.

ಪರೀಕ್ಷೆಯೇ ಬೇಡವೆಂದು ನಾವು ಹೇಳುವುದಿಲ್ಲ. ಮುಂದೆ ಮಾಡಬೇಕಾದ ಕೆಲಸವನ್ನೇ ಮಾದರಿಯಾಗಿ ಕೊಟ್ಟು, ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ ನ್ಯಾಯವೂ ಉಳಿಯುತ್ತದೆ, ಅನುಭವಕ್ಕೂ ಬೆಲೆ ಬರುತ್ತದೆ.