ಕೈಗೆತ್ತಿಕೊಂಡು ನೋಡಬೇಕಾದ ಕಂಚು

ರೆನೈಸಾನ್ಸ್ ಶಿಲ್ಪ ಅಂದ ಕೂಡಲೇ ನೆನಪಾಗೋದು ಮೈಕೆಲ್ಯಾಂಜೆಲೊನ 17 ಅಡಿಯ ಡೇವಿಡ್. ಆದರೆ ಅದೇ ಕಾಲದ ಇಟಲಿಯಲ್ಲಿ ಮೇಜಿನ ಮೇಲೆ ಕೂರುವಂಥ ಪುಟ್ಟ ಕಂಚಿನ ಶಿಲ್ಪಗಳ ಹುಚ್ಚೂ ಜೋರಾಗಿತ್ತು. ದೊರೆಗಳು, ವಿದ್ವಾಂಸರು ಇವನ್ನು ಓದುವ ಕೋಣೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಪಾದುವಾದ ರಿಚ್ಚೊ ಮಾಡಿದ ಎಣ್ಣೆದೀಪಗಳೂ ಇವುಗಳ ಸಾಲಿಗೇ ಸೇರುತ್ತವೆ. ಬಂದವರು ಕೈಗೆತ್ತಿಕೊಂಡು, ತಿರುಗಿಸಿ ನೋಡಲಿ ಅಂತಲೇ ಮಾಡಿದ ವಸ್ತುಗಳಿವು.

ಇವರಲ್ಲಿ ನನಗೆ ತುಂಬಾ ಇಷ್ಟವಾದವನು ಮಾಂಟುವಾ ಆಸ್ಥಾನದ ಆಂಟಿಕೊ. ಪ್ರಾಚೀನ ರೋಮಿನ ದೊಡ್ಡ ಶಿಲ್ಪಗಳನ್ನು ಕಿರಿದಾಗಿಸಿ ಕಂಚಿನಲ್ಲಿ ಎರೆಯುತ್ತಿದ್ದ. ಕಪ್ಪು ಮೈ, ಚಿನ್ನದ ಲೇಪದ ಕೂದಲು, ಬೆಳ್ಳಿಯ ಕಣ್ಣು!

ಮೇಣದ ಮಾದರಿಗೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹೋದ ಜಾಗಕ್ಕೆ ಲೋಹ ಸುರಿಯೋದು ನಮಗೇನೂ ಹೊಸದಲ್ಲ. ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲೇ ಈ ವಿಧಾನದ ವಿವರಣೆ ಇದೆ. ಆದರೆ ಇದರಲ್ಲಿ ಮೇಣದ ಮಾದರಿ ಒಂದೇ ಸಲಕ್ಕೆ. ಎರಕ ಕೆಟ್ಟರೆ ಮಾದರಿಯೂ ಹೋಯ್ತು. ಆಂಟಿಕೊ ಮೂಲ ಮಾದರಿಯಿಂದ ಮೊದಲು ಅಚ್ಚು ತೆಗೆದಿಟ್ಟುಕೊಂಡ. ಬೇಕಾದಾಗ ಅದರಿಂದ ಹೊಸ ಮೇಣದ ಪ್ರತಿ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಬ್ಯಾಕಪ್!

ಈ ಬ್ಯಾಕಪ್ 1519ರಲ್ಲಿ ಕೆಲಸಕ್ಕೆ ಬಂತು. ಹಳೆಯ ಅಚ್ಚುಗಳಿಂದ ಮತ್ತೆ ಎರೆದು ಕೊಡುತ್ತೇನೆ ಅಂತ ಅವನು ಇಸಬೆಲ್ಲಾ ದೆಸ್ತೆಗೆ ಪತ್ರ ಬರೆದ. ಸಂಗ್ರಹದ ವಿಷಯದಲ್ಲಿ ಆಕೆ ಮಹಾ ಹಟಗಾರ್ತಿ. ಆದರೂ ಎರಡನೇ ಪ್ರತಿಯೆಂದು ಮೂಗು ಮುರಿಯಲಿಲ್ಲ. ಹರ್ಕ್ಯುಲಿಸ್ ತನ್ನ ಎದುರಾಳಿ ಆಂಟಿಯಸ್‌ನನ್ನು ನೆಲದಿಂದ ಎತ್ತಿ ಹಿಡಿದ ಶಿಲ್ಪದ ಒಂದು ಎರಕ ಇವತ್ತು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಇನ್ನೊಂದು ವಿಯೆನ್ನಾದಲ್ಲಿದೆ, ಅದರ ತಳದಲ್ಲಿ ಇಸಬೆಲ್ಲಾಳ ಹೆಸರಿದೆ.

ಹಾಗಾದ್ರೆ ಇವೆರಡರಲ್ಲಿ ಅಸಲಿ ಯಾವುದು? ಎರಡೂ. ಸಂಗ್ರಹಕಾರರ ನಿಜವಾದ ತಲೆನೋವು ಬೇರೆ. ಹೆಸರಾಂತ ಮಾದರಿಗಳನ್ನು ಕಲಾವಿದರು ಸತ್ತ ಮೇಲೂ, 19ನೇ ಶತಮಾನದವರೆಗೂ, ಬೇರೆಯವರು ಎರೆಯುತ್ತಲೇ ಬಂದರು. ಅದಕ್ಕೇ ತಜ್ಞರು ಎಕ್ಸ್-ರೇ ತೆಗೆದು ಒಳಗಿನ ಲೋಹದ ದಪ್ಪ ನೋಡುತ್ತಾರೆ, ಮಿಶ್ರಲೋಹ ಪರೀಕ್ಷಿಸುತ್ತಾರೆ. ಎರಕದ ನಂತರ ಉಳಿ ಹಿಡಿದ ಕೈ ಕೂದಲಿನ ಎಳೆ, ಬೆರಳಿನ ಉಗುರನ್ನು ಎಷ್ಟು ಚೂಪಾಗಿ ತಿದ್ದಿದೆ ಅಂತಲೂ ಗಮನಿಸುತ್ತಾರೆ. ಅಷ್ಟಾದರೂ ಕೆಲವು ಶಿಲ್ಪಗಳ ಬಗ್ಗೆ ವಾದ ಮುಗಿಯೋದಿಲ್ಲ.

ಇವನ್ನು ಕೊಳ್ಳೋದು ನಮ್ಮ ಸಂಬಳದ ಮಾತಲ್ಲ. ನನ್ನ ಸಂಗ್ರಹ ಇರೋದು ಫೋನಿನಲ್ಲಿ: ಒಂದೇ ಮಾದರಿಯ ಬೇರೆ ಬೇರೆ ಎರಕಗಳ ಫೋಟೊಗಳನ್ನು ಮ್ಯೂಸಿಯಂಗಳ ಜಾಲತಾಣದಿಂದ ಇಳಿಸಿ, ಪಕ್ಕಪಕ್ಕ ಇಟ್ಟು ನೋಡ್ತೀನಿ. ನೀವೂ ಆ ಎರಡು ಹರ್ಕ್ಯುಲಿಸ್‌ಗಳಿಂದ ಶುರು ಮಾಡಿ. ಲಂಡನ್ನಿಗೆ ಹೋಗುವ ಅವಕಾಶ ಸಿಕ್ಕರೆ ಆ ಮ್ಯೂಸಿಯಂಗೆ ಪ್ರವೇಶ ಉಚಿತ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಬರಬೇಡಿ, ಒಂದು ಸುತ್ತು ಹಾಕಿ, ಬೆನ್ನನ್ನೂ ನೋಡಿ.