ಹೊಳಪಿನಲ್ಲಿ ಕಳೆದ ಬೆಲೆ

ಬೂದಿಗೆರೆಯ ನಮ್ಮ ಕಾರ್ಯಾಗಾರದ ಕಪಾಟಿನಲ್ಲಿ ಬೇಕಲೈಟಿನ ಪೆಟ್ಟಿಗೆಯೊಂದಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬಳಸಿದ, 1933ರ ಮಾದರಿಯ ರಣರಂಗದ ದೂರವಾಣಿ ಅದು. ಬದಿಯ ಹಿಡಿಕೆ ತಿರುಗಿಸಿದರೆ ಮ್ಯಾಗ್ನೆಟೊ ವಿದ್ಯುತ್ ಉತ್ಪಾದಿಸಿ ಎದುರು ತುದಿಯ ಗಂಟೆಯನ್ನು ಬಾರಿಸುತ್ತದೆ. ಮಾತಿಗೆ ಒಂದೂವರೆ ವೋಲ್ಟಿನ ಬ್ಯಾಟರಿ ಸಾಕು. ವಿದೇಶದಿಂದ ಮರಳಿದ ಪರಿಚಿತರೊಬ್ಬರಿಂದ ಇದನ್ನು ಕೊಂಡಾಗ, ಮಾರುವ ಮೊದಲು ಸರಕನ್ನು ಚೊಕ್ಕಗೊಳಿಸುವ ನಮ್ಮ ವೃತ್ತಿಧರ್ಮದಂತೆ ಮರಳುಕಾಗದದಿಂದ ಉಜ್ಜಿ, ಮೆರುಗು ಹಾಕಿ, ಲೋಹದ ಭಾಗಗಳಿಗೆ ಹೊಸ ಬಣ್ಣ ಬಳಿಸಿದೆ. ನೋಡಲು ಬಂದ ಸಂಗ್ರಾಹಕರು ಮುಚ್ಚಳ ತೆರೆದು, ಒಳಗೆ ಬೆರಳಾಡಿಸಿ, ಮರುಮಾತಿಲ್ಲದೆ ಮುಚ್ಚಿದರು.

ಅವರು ಹುಡುಕಿದ್ದು ಮೂರು ಗುರುತುಗಳನ್ನು: ತಯಾರಕರ ಹೆಸರು ಅಥವಾ ಸಂಕೇತ, ತಯಾರಿಕೆಯ ವರ್ಷ ಹಾಗೂ ಸೇನೆಯ ತಪಾಸಣಾ ಮುದ್ರೆ. ಯುದ್ಧ ಮುಂದುವರಿದಂತೆ ಕಾರ್ಖಾನೆಯ ಗುರುತು ಶತ್ರುವಿಗೆ ತಿಳಿಯದಿರಲೆಂದು ಹೆಸರಿನ ಬದಲು ಅಕ್ಷರ ಸಂಕೇತಗಳನ್ನು ಒತ್ತುತ್ತಿದ್ದರು. ಅವೆಲ್ಲವೂ ನನ್ನ ಮರಳುಕಾಗದಕ್ಕೆ ಆಹುತಿಯಾಗಿದ್ದವು.

ಸಣ್ಣ ಉತ್ಪಾದಕರು ಈ ಉಪಕರಣಗಳನ್ನು ಒಮ್ಮೆಯಾದರೂ ಬಿಚ್ಚಿ ನೋಡಬೇಕು. ಸೈನಿಕನು ಬೆನ್ನಮೇಲೆ ಹೊರುತ್ತಿದ್ದ ‘ಬರ್ಟಾ’ ರೇಡಿಯೋ ಗ್ರಾಹಕದಲ್ಲಿ ನಾಲ್ಕು ವಾಲ್ವುಗಳು. ನಾಲ್ಕೂ ಒಂದೇ ಮಾದರಿಯವು, ಆರ್‌ವಿ2ಪಿ800. ಒಂದೇ ಬಗೆಯ ಬಿಡಿಭಾಗವನ್ನು ದಾಸ್ತಾನಿಟ್ಟರೆ ಇಡೀ ಯಂತ್ರ ದುರಸ್ತಿಯಾಗುತ್ತಿತ್ತು. ಎಂಟು ತರಂಗ ಶ್ರೇಣಿಗಳ ಸುರುಳಿಗಳು ತಿರುಗುವ ಉರುಳೆಯೊಂದರಲ್ಲಿ ಅಡಗಿವೆ. ಆ ಜೋಡಣೆಯನ್ನು ಕಂಡ ನಮ್ಮ ಹಿರಿಯ ಫಿಟ್ಟರ್ ಅರ್ಧ ದಿನದ ಕೆಲಸವನ್ನೇ ಮರೆತರು.

ನಮ್ಮಲ್ಲಿ ಜರ್ಮನ್ ಸೆಟ್ಟುಗಳು ವಿರಳ. ಯುದ್ಧಾನಂತರ ಭಾರತದಲ್ಲಿ ವಿಲೇವಾರಿಯಾದದ್ದು ಹೆಚ್ಚಾಗಿ ಬ್ರಿಟಿಷ್ ಮತ್ತು ಅಮೆರಿಕನ್ ಸಾಮಗ್ರಿ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಹ 1954ರಲ್ಲಿ ಸ್ಥಾಪನೆಯಾದಾಗ ಕೈಜೋಡಿಸಿದ್ದು ಫ್ರಾನ್ಸಿನ ಸಂಸ್ಥೆಯೊಂದಿಗೆ. ಆದುದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದರೆ ಅದೃಷ್ಟ ಒಲಿದೀತೆಂದು ನಂಬಬೇಡಿ. ಸರಕು ಬರಬೇಕಾದದ್ದು ಹೊರನಾಡಿನಿಂದಲೇ.

ತರಿಸುವ ಮುನ್ನ ಕಾನೂನನ್ನೂ ಅರಿಯಬೇಕು. ತಂತಿಯ ದೂರವಾಣಿ ಬೇರೆ, ನಿಸ್ತಂತು ಪ್ರೇಷಕ ಬೇರೆ. ಪರವಾನಗಿಯಿಲ್ಲದೆ ನಿಸ್ತಂತು ಉಪಕರಣ ಹೊಂದುವುದನ್ನು 1933ರ ಕಾಯ್ದೆ ನಿಷೇಧಿಸಿತ್ತು. 2023ರ ದೂರಸಂಪರ್ಕ ಕಾಯ್ದೆಯೂ ರೇಡಿಯೋ ಉಪಕರಣಕ್ಕೆ ಅಧಿಕಾರಪತ್ರವನ್ನು ಕೇಳುತ್ತದೆ. ‘ಹಳೆಯದು, ಕೆಟ್ಟದ್ದು’ ಎಂಬ ಸಮಜಾಯಿಷಿಯನ್ನು ನೆಚ್ಚಿಕೊಂಡು ಹಣ ಹೂಡುವುದು ಜಾಣತನವಲ್ಲ. ನೂರು ವರ್ಷ ತುಂಬದ ಕಾರಣ ಇವು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದಷ್ಟೇ ಸಮಾಧಾನ.

ಬಳಿಕ ಅದೇ ಮಾದರಿಯ ಇನ್ನೊಂದು ಪೆಟ್ಟಿಗೆ ಕೈಸೇರಿತು. ಒಣ ಕುಂಚದಿಂದ ಧೂಳು ತೆಗೆದದ್ದನ್ನು ಬಿಟ್ಟರೆ ಅದನ್ನು ಮುಟ್ಟಿಲ್ಲ. ಮಾಸಿದ ಮುದ್ರೆ ಹಾಗೆಯೇ ಇದೆ. ಹೊಳೆಯುವ ಮೊದಲನೆಯದಕ್ಕೂ ಇದಕ್ಕೂ ನಡುವೆ ತಂತಿ ಎಳೆದು, ಕಚೇರಿಯಿಂದ ಗೋದಾಮಿಗೆ ಮಾತನಾಡುತ್ತೇವೆ. ಧ್ವನಿ ಸ್ಪಷ್ಟವಾಗಿಯೇ ಕೇಳುತ್ತದೆ.