ಆಫ್ ಆದ ಜೀನ್

ಬೆಳಗೊಳದಿಂದ ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನದೊಳಗೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಸೋಲಿಗರಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 6ನೇ ಅಮೈನೋ ಆಮ್ಲ ಬದಲಾಗಿರುತ್ತೆ, ಅಷ್ಟೇ. ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್ ಬಂದ್ರೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತೆ. ವಿಪರೀತ ನೋವು.

ಆದ್ರೆ ಹುಟ್ಟಿದ ಮೊದಲ ಕೆಲವು ತಿಂಗಳು ಮಗುವಿಗೆ ಸಾಮಾನ್ಯವಾಗಿ ತೊಂದರೆ ಇರಲ್ಲ. ಯಾಕೆ? ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್‌ಗೆ ಬೇರೆ ಜೀನ್, ಅದು ಸರಿಯಾಗೇ ಇದೆ. ಹುಟ್ಟಿದ ಮೇಲೆ ಬಿಸಿಎಲ್11ಎ ಅನ್ನೋ ಪ್ರೋಟೀನ್ ಆ ಜೀನ್ ಪಕ್ಕದ ಡಿಎನ್‌ಎಗೆ ಅಂಟಿಕೊಂಡು ಅದನ್ನ ಆಫ್ ಮಾಡುತ್ತೆ.

2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿದ ಕ್ಯಾಸ್ಗೆವಿ ಚಿಕಿತ್ಸೆ ಕೆಟ್ಟ ಜೀನನ್ನ ಮುಟ್ಟೋದೇ ಇಲ್ಲ! ರೋಗಿಯದೇ ಕಾಂಡಕೋಶದಲ್ಲಿ ಬಿಸಿಎಲ್11ಎ ತಯಾರಿ ತಗ್ಗಿಸುತ್ತೆ, ಹಳೇ ಜೀನ್ ಮತ್ತೆ ಆನ್. ಅಮೆರಿಕದ ಬೆಲೆ ಮಾತ್ರ 22 ಲಕ್ಷ ಡಾಲರ್. ನಮ್ಮಲ್ಲಿ ಸಾಮಾನ್ಯವಾಗಿ ಕೊಡೋದು ಹೈಡ್ರಾಕ್ಸಿಯೂರಿಯಾ. ಅದೂ ಆ ಹಳೇ ಹಿಮೋಗ್ಲೋಬಿನ್ನನ್ನೇ ಒಂದಿಷ್ಟು ಹೆಚ್ಚಿಸುತ್ತೆ, ಆದ್ರೆ ದಿನಾ ತಗೋಬೇಕು.